ಎರಡು ಕೈಯ ಆಟ

ಜಬೀವುಲ್ಲಾ ಕನ್ನಡಕ ಹಣೆಗೇರಿಸಿ ಕೇಳಿದರು:
"ಒಳಗಿರೋದು ಬೇಕಾ, ಬೇಡವಾ?
ಬೇಡ ಅಂದ್ರೆ ಐದು ನಿಮಿಷ, ನೂರೈವತ್ತು.
ಬೇಕು ಅಂದ್ರೆ ಕೂತ್ಕೊಳ್ಳಿ."

ಎಸ್.ಪಿ. ರೋಡು, ಮೆಟ್ಟಿಲ ಕೆಳಗಿನ ಗೂಡು.
ಸುಟ್ಟ ಸೀಸದ ವಾಸನೆ, ಹೊರಗೆ ಗೂಡ್ಸ್ ಆಟೋದ ಹಾರನ್ನು.
ಕೂತೆ.

ಕ್ಯಾಸೆಟ್ಟಿನ ಹೊಟ್ಟೆ ಬಿಚ್ಚಿದರೆ
ಎಂಟಾಣೆಯಗಲದ ಒಂದು ಸೆಲ್ಲು.
ಇಪ್ಪತ್ತೈದು ವರ್ಷ ಅದೊಂದೇ ನಿದ್ದೆಗೆಟ್ಟಿತ್ತಂತೆ,
ನಾವು ಎಲ್ಲಿ ನಿಲ್ಲಿಸಿದ್ದೆವು ಅನ್ನುವುದನ್ನು
ಮರೆಯದಿರಲಿಕ್ಕೆ.

ನಾವು ಅಂದರೆ ನಾನು ಮತ್ತು ಅಕ್ಕ ತುಳಜಾ.
ಅಮ್ಮ ಚೀಟಿ ಎತ್ತಿದ ವಾರ ನ್ಯಾಷನಲ್ ಮಾರ್ಕೆಟ್ಟಿನಲ್ಲಿ
ಚೌಕಾಸಿ ಮಾಡಿ ಮಾಡಿ, ಎದ್ದು ಹೊರಟಂತೆ ಮಾಡಿ,
ನಾಲ್ಕು ಪೆನ್ಸಿಲ್ ಸೆಲ್ಲು ಪುಕ್ಕಟೆ ಹಾಕಿಸಿಕೊಂಡು
ತಂದದ್ದು. ಬಣ್ಣವಿಲ್ಲ. ಬೆಳಕಿಲ್ಲ.
ಕಾಟನ್‌ಪೇಟೆಯ ಒಂದೂವರೆ ರೂಮಿನಲ್ಲಿ
ಟ್ಯೂಬ್‌ಲೈಟಿನಡಿ ಓರೆ ಹಿಡಿದರಷ್ಟೇ ಕಾಣುವ,
ಹೆಸರುಕಾಳು ನೆನೆಸಿದ ನೀರಿನಂಥ ಪರದೆ.
ಅಕ್ಕ ಆಡುವಾಗ ನಾನು ಕನ್ನಡಿಯಿಂದ ಬೆಳಕು ಹಾಯಿಸುವವಳು,
ನಾನು ಆಡುವಾಗ ಅವಳು ಬೈಯುವವಳು.

ಗುಹೆಯ ಕೊನೆಗೊಂದು ಬಾಗಿಲು.
ಅದರ ಮುಂದೆ ಸೇವ್ ಮಾಡಿ ಊಟಕ್ಕೆ ಎದ್ದೆವು.
ಮರುದಿನ ಅವಳ ಹತ್ತನೇ ಕ್ಲಾಸು ಶುರು;
ಆಟ ಹೋಗಿ ಅಮ್ಮನ ಬೀರುವಿನಲ್ಲಿ,
ಪಿತಾಂಬರದ ಮಡಿಕೆಯೊಳಗೆ ಕೂತಿತು.

ಈಗ ನನ್ನದು ಫೋನಿನ ಆಟ.
ಪೀಣ್ಯದಿಂದ ಬನಶಂಕರಿಗೆ, ನಿಂತೇ.
ಒಂದು ಕೈ ನೇತಾಡುವ ಹಿಡಿಗೆ,
ಇನ್ನೊಂದರ ಮೊಣಕೈಗೆ ಟಿಫನ್ ಬ್ಯಾಗು,
ಉಳಿದದ್ದು ಒಂದು ಹೆಬ್ಬೆರಳು.
ಆ ಹೆಬ್ಬೆರಳಿಗೆ ಸಾಕಾಗುವಷ್ಟು ಆಟ:
ಮೂರು ಜಾಮೂನು ಸಾಲಿಗೆ ಬಂದರೆ ಒಡೆಯುತ್ತವೆ.
ಒಡೆಯುವ ಹೊತ್ತಿಗೆ ಸರಿಯಾಗಿ
ಸೂಪರ್‌ವೈಸರ್ ಫೋನು, ಗ್ಯಾಸಿನ ಓಟಿಪಿ,
ಕೇಳದೆಯೂ ಸಾಲ ಕೊಡುತ್ತೇನೆನ್ನುವ ಯಾವುದೋ ಹೆಂಗಸಿನ ದನಿ.
ಐದು ಪ್ರಾಣ ಮುಗಿದರೆ ಅರ್ಧ ಗಂಟೆ ಕಾಯಬೇಕು,
ಇಲ್ಲಾ ಹತ್ತೊಂಬತ್ತು ರೂಪಾಯಿ.
ಬೈಯಲಾರೆ ಅದನ್ನು.
ರಾಜಾಜಿನಗರದ ನೂಕಾಟದಲ್ಲಿ
ನನ್ನ ಕಡೆ ನಿಂತದ್ದು ಅದೊಂದೇ.

ಜಬೀವುಲ್ಲಾ ಹೊರಗಿನ ಬ್ಯಾಟರಿಯಿಂದ ಎರಡು ತಂತಿ ಎಳೆದರು.
ಹಳೇ ಸೆಲ್ಲು ಬಿಡಿಸಿ ಹೊಸದು ಕೂರಿಸುವವರೆಗೆ
ಇವು ಉಸಿರು ಕೊಡಬೇಕು.
"ಕೈ ಅಲ್ಲಾಡಿದ್ರೆ ಹೋಯ್ತು. ಹಿಡ್ಕೊಳ್ಳಿ, ಎರಡೂ ಕೈಲಿ."

ಬ್ಯಾಗು ಕೆಳಗಿಟ್ಟೆ.
ಬ್ಯಾಗಿನೊಳಗೆ ಫೋನು ಗುರ್ರೆಂದಿತು. ಮತ್ತೆ ಗುರ್ರೆಂದಿತು.
ನಾನು ತಂತಿ ಹಿಡಿದಿದ್ದೆ.
ಎರಡೂ ಕೈ ಒಂದೇ ಕಡೆ ಇಟ್ಟು
ಎಷ್ಟು ಕಾಲವಾಗಿತ್ತೋ!
ಚಪಾತಿ ಲಟ್ಟಿಸುವಾಗ ಬಿಟ್ಟರೆ,
ಅದೂ ಒಲೆಯ ಮೇಲೊಂದು ಕಣ್ಣಿಟ್ಟು.

ಮನೆಯಲ್ಲಿ ಮೈನಾ ಪರದೆಯನ್ನು ತೋರುಬೆರಳಲ್ಲಿ ತಳ್ಳಿದಳು.
ಎರಡು ಬೆರಳು ಅಗಲಿಸಿ ದೊಡ್ಡದು ಮಾಡಲು ನೋಡಿದಳು.
"ಅಮ್ಮಾ, ಇದು ಮುಟ್ಟಿದ್ರೂ ಏನೂ ಅನ್ನಲ್ಲ."
ಗುಂಡಿ ತೋರಿಸಿದೆ. ಗುಹೆಯಲ್ಲಿ ಅತ್ತಿಂದಿತ್ತ ಓಡಾಡಿದಳು.
"ಆ್ಯಡ್ ಯಾವಾಗ ಬರತ್ತೆ?"
ಬರಲ್ಲ ಅಂದೆ.
ನಂಬದೆ ಸ್ವಲ್ಪ ಹೊತ್ತು ಕಾದಳು.
ಆಮೇಲೆ ನನ್ನ ಫೋನು ಎತ್ತಿಕೊಂಡು ಮಂಚಕ್ಕೆ ಹೋದಳು.

ಅಕ್ಕನಿಗೆ ಹೇಳಬೇಕಿತ್ತಲ್ಲ,
ಹಾಗಾಗಿ ಮಗಳ ಆಟ ಕೆಡಿಸಿ ಫೋನು ಕಿತ್ತುಕೊಂಡೆ.
"ಇನ್ನೂ ಬಾಗಿಲ ಮುಂದೇ ಇದೀವಿ ಕಣೇ."
ಹೊಸಕೋಟೆಯಲ್ಲಿ ಕುಕ್ಕರ್ ಕೂಗಿತು, ಎರಡು ಸಲ.
"ತೆಗೀಬೇಡ," ಅಂದಳು.
"ಸೆಲ್ಲು ಬಿಚ್ಚಿಡು, ಸೋರತ್ತೆ.
ಭಾನುವಾರ ಬರ್ತೀನಿ.
ನಾನು ಆಡೋದು.
ಬೆಳಕು ನೀನು."